ಹಬೆಯಲ್ಲಿ ಮಾತ್ರ ಬರುವ ಕೂಗು

ಬಗ್ಗಿ ನೋಡಿದರೆ ಕೂಗಿನ ಗಂಟಲೊಳಗೆ ಕಣಜ ಗೂಡು ಕಟ್ಟಿತ್ತು. ಮಣ್ಣಿನ ಗೂಡು, ಒಣಗಿ ಕಲ್ಲಾಗಿತ್ತು. ಅದರ ಮೇಲೆ ಹಸಿರು ಬಣ್ಣ, ಬಣ್ಣದ ಮೇಲೆ ಧೂಳು, ಧೂಳಿನ ಮೇಲೆ ಮತ್ತೊಂದು ಸಲ ಬಣ್ಣ. ಮಿಲ್ಲು ಮುಚ್ಚಿದ ಮೇಲೂ ಯಾರೋ ಪುಣ್ಯಾತ್ಮರು ಪ್ರತಿ ಆಯುಧಪೂಜೆಗೆ ಅದಕ್ಕೆ ಬಣ್ಣ ಬಳಿದು ಕುಂಕುಮ ಇಟ್ಟು ಬಂದಿದ್ದರು. ಪೂಜೆ ಮಾಡಿ ಮಾಡಿಯೇ ಬಾಯಿ ಮುಚ್ಚಿಸಿಬಿಟ್ಟಿದ್ದಾರಲ್ಲಪ್ಪ ಅಂತ ಬೈದುಕೊಳ್ಳುತ್ತ ನಾನು ಉಳಿ ಕೈಗೆತ್ತಿಕೊಂಡೆ.

ಊರಿನವರೆಲ್ಲ ಅದನ್ನು ಮಿಲ್ಲಿನ ಸೈರನ್ ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಕೂಗು. ಕರೆಂಟಿನದಲ್ಲ, ಹಬೆಯದು. ತೊಡೆಯುದ್ದದ ಕಂಚಿನ ಸಾಮಾನು. ಕೆಳಗೆ ಒಂದು ಬಟ್ಟಲು, ಮೇಲೆ ಬೋರಲು ಹಾಕಿದ ಗಂಟೆ, ಬಟ್ಟಲಿನ ಅಂಚಿನಲ್ಲಿ ಸುತ್ತಲೂ ತೆಳುವಾದ ಒಂದು ಸಂದು. ಬಾಯ್ಲರಿನಿಂದ ಬಂದ ಹಬೆ ಆ ಸಂದಿನಲ್ಲಿ ನುಗ್ಗಿ ಗಂಟೆಯ ತುಟಿಗೆ ಬಡಿದರೆ ಅರ್ಧ ಊರಿಗೆ ಕೇಳಿಸುವ ಶಬ್ದ. ತಿರುಗುವ ಚಕ್ರವಿಲ್ಲ, ಸ್ಪ್ರಿಂಗಿಲ್ಲ, ಏನೂ ಇಲ್ಲ. ನೂರು ವರ್ಷದ ಹಿಂದೆ ಇಷ್ಟು ಸರಳವಾಗಿ ಯೋಚನೆ ಮಾಡುವವರಿದ್ದರಲ್ಲ ಅಂತ ನನಗೆ ಹೊಟ್ಟೆಕಿಚ್ಚಾಯಿತು.

ನನ್ನನ್ನು ಅಲ್ಲಿಗೆ ಕರೆಸಿದ್ದು ಒಬ್ಬಳು ಆರ್ಕಿಟೆಕ್ಟ್ ಹುಡುಗಿ. ಕಾಟನ್‌ಪೇಟೆಯ ಆಚೆ, ಆ ಮಿಲ್ಲಿನ ಜಾಗದಲ್ಲಿ ಉಳಿದಿದ್ದ ಒಂದೇ ಒಂದು ಗೋಡೌನಿನಲ್ಲಿ ಅವಳು ಪ್ರದರ್ಶನ ಏರ್ಪಡಿಸುತ್ತಿದ್ದಳು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಬೆಂಗಳೂರಿನ ಉದ್ದಿಮೆ, ವ್ಯಾಪಾರ ಹೇಗೆ ಬೆಳೆಯಿತು ಅನ್ನುವ ವಿಷಯ. ಕರೆಂಟು ಬಂದದ್ದು, ಮಿಲ್ಲುಗಳು ಎದ್ದದ್ದು, ಸೋಪು, ರೇಷ್ಮೆ, ಬ್ಯಾಂಕು, ಎಲ್ಲಕ್ಕೂ ಒಂದೊಂದು ದೊಡ್ಡ ಬೋರ್ಡು. ನಾನು ಛತ್ರ, ಹೋಟೆಲುಗಳ ಅಡುಗೆಮನೆಗೆ ಬಾಯ್ಲರ್ ಕೂರಿಸುವವನು. ಇಡ್ಲಿ ಬೇಯಿಸುವ ಹಬೆಯೇ ನನ್ನ ಅನ್ನ. ಹಬೆ ಗೊತ್ತಿರುವವರು ಯಾರಿದ್ದಾರೆ ಅಂತ ಅವಳು ವಿಚಾರಿಸಿದಾಗ ಯಾರೋ ನನ್ನ ನಂಬರು ಕೊಟ್ಟಿದ್ದರು.

"ಸರ್, ಇದು ಕೂಗ್ಬೇಕು. ಓಪನಿಂಗ್ ದಿವ್ಸ ಗೆಸ್ಟು ಬಟನ್ ಒತ್ತಿದ ತಕ್ಷಣ ಕೂಗ್ಬೇಕು" ಅಂದಳು.

"ಬಟನ್ ಒತ್ತಿದ್ರೆ ಕೂಗೋಕೆ ಇದೇನಮ್ಮ ಕಾಲಿಂಗ್ ಬೆಲ್ಲಾ?"

"ಸ್ಟೀಮ್ ಗೀಮ್ ಬೇಡ ಸರ್, ಅದೆಲ್ಲ ರಿಸ್ಕು. ಕಂಪ್ರೆಸರ್ ತರಿಸ್ತೀವಿ. ಗಾಳೀಲಿ ಕೂಗಿದ್ರೆ ಸಾಕು."

ನನಗೆ ಆ ಕೆಲಸ ಬೇಕಾಗಿರಲಿಲ್ಲ. ಮದುವೆ ಕಾಲ ಹತ್ತಿರ ಬರುತ್ತಿತ್ತು, ಮೂರು ಛತ್ರದವರು ನನ್ನ ತಲೆ ತಿನ್ನುತ್ತಿದ್ದರು. ಆದರೂ ಆ ಹಸಿರು ಬಣ್ಣದ ಕಂಚನ್ನು ಮುಟ್ಟಿ ನೋಡಿದ ಮೇಲೆ ಬೇಡ ಅನ್ನುವುದಕ್ಕೆ ಬಾಯಿ ಬರಲಿಲ್ಲ. ಸೀದಾ ಚಾಮರಾಜಪೇಟೆಗೆ ಹೋಗಿ ಅಕ್ಕನಿಗೆ ಹೇಳಿದೆ.

ನಮ್ಮ ಮುತ್ತಜ್ಜ ಪೇಟೆಯ ಗಲ್ಲಿಯಲ್ಲಿ ಗುಂಡಿಮಗ್ಗ ಇಟ್ಟುಕೊಂಡಿದ್ದವರು. ಮಿಲ್ಲಿನ ಬಟ್ಟೆ ಅಗ್ಗಕ್ಕೆ ಬರತೊಡಗಿದ ಕಾಲಕ್ಕೆ ಅವರ ಸೀರೆಗೆ ಗಿರಾಕಿ ಕಡಿಮೆಯಾದರು. ಕೊನೆಗೆ ಅವರೂ ಮಗ್ಗದ ಗುಂಡಿಯಿಂದೆದ್ದು ಅದೇ ಮಿಲ್ಲಿಗೆ ಸೇರಿಕೊಂಡರು. ಪ್ರದರ್ಶನದ ಬೋರ್ಡಿನಲ್ಲಿ ಇದಕ್ಕೆ ಕೈಗಾರಿಕೀಕರಣ ಅಂತ ಬರೆದಿದ್ದರು. ನಮ್ಮ ಮನೆಯ ಭಾಷೆಯಲ್ಲಿ ಅದು ಕೂಗಿಗೆ ಹೋಗುವುದು. ಮಗ್ಗದ ಮುಂದೆ ಕೂತವನು ಬೆಳಕು ಹರಿದಾಗ ಏಳುತ್ತಿದ್ದ, ಹೊಟ್ಟೆ ಹಸಿದಾಗ ಇಳಿಯುತ್ತಿದ್ದ. ಕೂಗು ಬಂದ ಮೇಲೆ ಬೆಳಗಾಗುವುದು, ಹಸಿವಾಗುವುದು ಎರಡೂ ಮಿಲ್ಲಿನವರ ಕೈಗೆ ಹೋಯಿತು. ಗಡಿಯಾರ ಯಾರ ಮನೆಯಲ್ಲೂ ಇರಲಿಲ್ಲ. ಕೂಗೇ ಗಡಿಯಾರ. ಮುತ್ತಜ್ಜ ಹೋದರು, ಅವರ ಮಗ ಹೋದರು, ಆಮೇಲೆ ನಮ್ಮ ಅಮ್ಮ.

ಅಮ್ಮ ಇದ್ದದ್ದು ವೈಂಡಿಂಗ್ ಖಾತೆಯಲ್ಲಿ. ದಿನವಿಡೀ ನಿಂತುಕೊಂಡು ಕಡಿದ ನೂಲಿಗೆ ಗಂಟು ಹಾಕುವ ಕೆಲಸ. ಬೆಳಗಿನ ಕೂಗಿಗೆ ಹೋದವಳು ಸಂಜೆಯ ಕೂಗಿಗೆ ಬರುತ್ತಿದ್ದಳು, ತಲೆ ತುಂಬ ಹತ್ತಿಯ ಜೂಲು. ನಾನು ತೀರಾ ಚಿಕ್ಕವನು. ಮನೆ ನೋಡಿಕೊಳ್ಳುತ್ತಿದ್ದವಳು ಅಕ್ಕ, ಅವಳೂ ಇನ್ನೂ ಲಂಗದ ಹುಡುಗಿ. ಸಂಜೆಯ ಕೂಗು ಕೇಳಿದ ತಕ್ಷಣ ಅಕ್ಕ ಏನು ಮಾಡುತ್ತಿದ್ದರೂ ಬಿಟ್ಟು ಒಲೆಯ ಮೇಲಿನ ಬಿಸಿನೀರನ್ನು ತಾಮ್ರದ ಚೊಂಬಿಗೆ ಬಗ್ಗಿಸಿ ಹೊಸ್ತಿಲ ಹೊರಗಿನ ಮೆಟ್ಟಿಲ ಮೇಲೆ ಇಡಬೇಕು, ಬಾಗಿಲ ಚಿಲಕ ತೆಗೆಯಬೇಕು. ಅಮ್ಮ ಕೈ, ಕಾಲು, ಕತ್ತು ತೊಳೆಯದೆ ಒಳಗೆ ಕಾಲಿಡುತ್ತಿರಲಿಲ್ಲ. ಮೈಗಂಟಿದ ಹತ್ತಿ ಮಕ್ಕಳ ಮೂಗಿಗೆ ಹೋಗಬಾರದು ಅಂತ. ಮಿಲ್ಲಿನ ಗೇಟಿನಿಂದ ನಮ್ಮ ಮೆಟ್ಟಿಲಿಗೆ ಅವಳು ನಡೆದು ಬರುವಷ್ಟರಲ್ಲಿ ಆ ನೀರು ಕೈಗೆ ಹಿತವಾಗುವಷ್ಟು ಆರಿರುತ್ತಿತ್ತು. ನಾನು ಒಂದೆರಡು ಸಲ ಅದರಲ್ಲಿ ಕೈ ಅದ್ದಿ ಆಡಲು ಹೋಗಿ ಅಕ್ಕನ ಕೈಲಿ ಏಟು ತಿಂದಿದ್ದೇನೆ. "ಮುಟ್ಬೇಡ್ವೋ, ಅದು ಕೆಲ್ಸದಿಂದ ಬರೋರ ನೀರು" ಅನ್ನುತ್ತಿದ್ದಳು.

ಅಮ್ಮ ಹೋಗಿ ಎಷ್ಟೋ ಕಾಲವಾಯಿತು. ಅಕ್ಕ ಈಗ ಅದೇ ಮನೆಯಲ್ಲಿ ಮಗಳ ಜೊತೆ ಇದ್ದಾಳೆ. ಕಿವಿ ಹೋಗುತ್ತಿದೆ. ಮಗಳು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ನರವೇ ಸೊರಗುತ್ತಿದೆ, ಮಿಷನ್ನು ಹಾಕಿದರೆ ಸ್ವಲ್ಪ ದಿನ ಮಾತು ಕೇಳಿಸುತ್ತದೆ, ಆಮೇಲೆ ಅದೂ ಕಷ್ಟ ಅಂದರಂತೆ. ಅಕ್ಕ ಇದನ್ನೆಲ್ಲ ಹೇಳಿ ಅತ್ತವಳಲ್ಲ. ಕೂಗು ಸಿಕ್ಕಿದೆ ಅಂತ ನಾನು ಎರಡು ಸಲ ಕೂಗಿ ಹೇಳಿದ ಮೇಲೆ ಮಾತ್ರ ಅವಳ ಮುಖ ಒಂಥರಾ ಆಯಿತು.

"ಪುಟ್ಟಾ, ನನ್ ಕಿವಿ ಪೂರ್ತಿ ಮುಚ್ಕೊಳೋದ್ರೊಳಗೆ ಅದೊಂದನ್ನ ಕೇಳಿಸ್ಬಿಡು ಕಣೋ" ಅಂದಳು. "ಆಮೇಲೆ ಏನು ಕೇಳ್ಸಿದ್ರೆಷ್ಟು, ಬಿಟ್ರೆಷ್ಟು."

ಆರ್ಕಿಟೆಕ್ಟಿಗೆ ಫೋನ್ ಮಾಡಿ ಆಯ್ತು ಅಂದೆ. ಅಲ್ಲಿಂದ ಶುರುವಾಯಿತು.

ಬಣ್ಣ ಕೆರೆಯುವುದಕ್ಕೇ ದಿನಗಟ್ಟಲೆ ಹಿಡಿಯಿತು. ಹೊರಗಿನ ಕಂಚನ್ನು ಫಳಫಳ ಮಾಡಬೇಡಿ, ಹಳೆಯದಾಗಿಯೇ ಕಾಣಬೇಕು ಅಂತ ಆರ್ಕಿಟೆಕ್ಟಿನ ಕಟ್ಟಪ್ಪಣೆ. ಒಳಗಡೆಗೆ ಆಸಿಡ್ಡು ಮುಟ್ಟಿಸಲು ನನಗೂ ಮನಸ್ಸಿರಲಿಲ್ಲ. ಮನೆಯಿಂದ ಹುಣಸೆಹಣ್ಣು ಕಿವುಚಿ ತಂದು ಬಟ್ಟೆಯಲ್ಲಿ ಅದ್ದಿ ಅದ್ದಿ ಉಜ್ಜಿದೆ. ಗಂಟೆಯನ್ನು ಹಿಡಿದಿದ್ದ ನಡುವಿನ ಬೋಲ್ಟು ತುಕ್ಕಿಗೆ ಅಂಟಿಕೊಂಡು ಜಗ್ಗಲೇ ಇಲ್ಲ. ಕಾಯಿಸಿ, ಎಣ್ಣೆ ಬಿಟ್ಟು, ಒಂದು ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ದೇವರ ಹೆಸರು ಹೇಳಿ ಸ್ಪ್ಯಾನರ್ ಹಾಕಿದಾಗ ಕಿರ್ ಅಂತ ಬಿಟ್ಟುಕೊಟ್ಟಿತು. ಬಟ್ಟಲೊಳಗೆ ಕೂತು ಆ ಸಂದು ಮೂಡಿಸುವ ತಟ್ಟೆಯ ಅಂಚು ಒಂದು ಕಡೆ ತಿಂದುಹೋಗಿತ್ತು. ಸಂದು ಸುತ್ತಲೂ ಒಂದೇ ಸಮ ಇರಬೇಕು. ಒಂದು ಕಡೆ ಅಗಲವಾದರೆ ಹಬೆಯೆಲ್ಲ ಅಲ್ಲೇ ನುಗ್ಗಿ ಕೂಗು ಒಡೆಯುತ್ತದೆ. ಕಲಾಸಿಪಾಳ್ಯದ ಲೇತ್ ಅಂಗಡಿಯಲ್ಲಿ ಕೂತು ಅದೇ ಅಳತೆಗೆ ಹೊಸ ತಟ್ಟೆ ಕಡೆಸಿದೆ. ವಾಲ್ವಿನ ಬಾಯಿಗೆ ಅರೆಯುವ ಪೇಸ್ಟು ಹಚ್ಚಿ, ಅಂಗೈ ಬಿಸಿಯಾಗುವವರೆಗೆ ಆ ಕಡೆ ಈ ಕಡೆ ತಿರುವಿ ಕೂರಿಸಿದೆ. ಮದುವೆ ಛತ್ರದವರು ಫೋನ್ ಮಾಡಿದಾಗಲೆಲ್ಲ ದಾರಿಯಲ್ಲಿದ್ದೀನಿ ಅಂತ ಸುಳ್ಳು ಹೇಳಿದೆ.

ಕಂಪ್ರೆಸರ್ ಬಂತು. ಅಕ್ಕನನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ಗೋಡೌನಿನ ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಅವಳು ಮಿಷನ್ನನ್ನು ಕಿವಿಗೆ ಸರಿಯಾಗಿ ಒತ್ತಿಕೊಂಡು, ಸೆರಗು ಸರಿಮಾಡಿಕೊಂಡು, ಹೆಣ್ಣು ನೋಡಲು ಬಂದವರ ಮುಂದೆ ಕೂತ ಹಾಗೆ ಕೂತಳು. ನಾನು ವಾಲ್ವು ತೆಗೆದೆ. ಶಬ್ದವೇನೋ ಬಂತು. ಜೋರಾಗಿಯೂ ಬಂತು. ಆರ್ಕಿಟೆಕ್ಟು, ಅವಳ ಕಡೆಯವರು ಎಲ್ಲ ಚಪ್ಪಾಳೆ ಹೊಡೆದರು. ನಾನು ಮಾತ್ರ ವಾಲ್ವು ಮುಚ್ಚಿ ಅಕ್ಕನ ಮುಖ ನೋಡಿದೆ. ಅದು ದಪ್ಪ ಗಂಟಲಲ್ಲಿ ಎಮ್ಮೆ ಅರಚಿದ ಶಬ್ದ.

ಅಕ್ಕ ಎಲ್ಲರ ಮುಂದೆ "ಚೆನ್ನಾಗಿದೆ ಕಣೋ" ಅಂದಳು. ವಾಪಸು ಬರುವಾಗ ಮಾರ್ಕೆಟ್ಟಿನ ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ಅವಳು ಹೂವಿನ ಮೂಟೆ ಹೊತ್ತವರನ್ನು ನೋಡುತ್ತ ಮೆಲ್ಲಗೆ ಹೇಳಿದಳು.

"ಅದಲ್ಲ ಪುಟ್ಟಾ."

"ಗೊತ್ತು."

"ನನ್ ಕಿವಿ ಕೆಟ್ಟಿರೋದಕ್ಕೋ ಏನೋ ಅನ್ಕೊಂಡೆ."

"ನಿನ್ ಕಿವಿ ಸರಿಯಾಗೇ ಇದೆ. ನನಗೂ ಅದಲ್ಲ ಅನ್ನಿಸ್ತು."

ಅವಳಿಗೆ ಸಮಾಧಾನವಾಗಲೆಂದು ಹೀಗಂದೆ. ಆದರೆ ಯಾಕಲ್ಲ ಅಂತ ನನಗೇ ತಿಳಿದಿರಲಿಲ್ಲ. ಹೊಸ ತಟ್ಟೆ ಸರಿಯಿಲ್ಲವೇನೋ ಅಂತ ಮತ್ತೆ ಬಿಚ್ಚಿದೆ, ಅಳೆದೆ, ಕೂಡಿಸಿದೆ. ಗಂಟೆಯನ್ನು ಬೋಲ್ಟಿನ ಮೇಲೆ ಒಂದು ಸುತ್ತು ಏರಿಸಿ ಕೂಗಿಸಿದೆ, ಎರಡು ಸುತ್ತು ಇಳಿಸಿ ಕೂಗಿಸಿದೆ. ಎಮ್ಮೆ ಒಮ್ಮೆ ಹಸಿದಂತೆ, ಒಮ್ಮೆ ಹೊಟ್ಟೆ ತುಂಬಿದಂತೆ ಅರಚಿತೇ ಹೊರತು ಎಮ್ಮೆತನ ಬಿಡಲಿಲ್ಲ. ಆ ದಿನಗಳಲ್ಲಿ ಮನೆಯವರ ಮೇಲೂ ರೇಗಾಡಿದೆ. ಯಾರ ಹತ್ತಿರವಾದರೂ ಹಳೆಯ ರೆಕಾರ್ಡಿಂಗು ಇದೆಯಾ ಅಂತ ಆರ್ಕಿಟೆಕ್ಟು ಎಲ್ಲ ಕಡೆ ಕೇಳಿದಳು. ಇರಲಿಲ್ಲ. ದಿನಾ ಕೇಳುವ ಶಬ್ದವನ್ನು ಯಾರು ಹಿಡಿದಿಟ್ಟುಕೊಳ್ಳುತ್ತಾರೆ?

ಉತ್ತರ ಸಿಕ್ಕಿದ್ದು ಬಸವನಗುಡಿಯ ಒಂದು ಛತ್ರದ ಅಡುಗೆಮನೆಯಲ್ಲಿ. ಅಲ್ಲಿ ಅನ್ನ, ಸಾರಿನ ದೊಡ್ಡ ಪಾತ್ರೆಗಳಿಗೆ ಹೊಸ ಪೈಪು ಹಾಕಿದ್ದೆ. ಹೊಸ ಪೈಪಿಗೆ ಮೊದಲು ಗಾಳಿ ಬಿಟ್ಟು ಎಲ್ಲಿ ಸೋರುತ್ತದೆ ನೋಡುತ್ತೇವೆ, ಆಮೇಲೆ ಹಬೆ. ಒಂದು ಜಾಯಿಂಟು ಗಾಳಿಯಲ್ಲಿ ಸುಂಯ್ ಅಂತ ತಗ್ಗಿನಲ್ಲಿ ಸಿಳ್ಳೆ ಹಾಕುತ್ತಿತ್ತು. ಬಿಗಿ ಮಾಡಿದರೂ ಪೂರ್ತಿ ನಿಲ್ಲಲಿಲ್ಲ. ಆಮೇಲೆ ನೋಡಿದರಾಯಿತು ಅಂತ, ಟೆಸ್ಟಿಗೆಂದು ಒಯ್ಯುವ ನನ್ನ ಪುಟ್ಟ ಬಾಯ್ಲರಿನಿಂದ ಹಬೆ ಬಿಟ್ಟೆ. ಅದೇ ಜಾಯಿಂಟು, ಅದೇ ಸೋರಿಕೆ, ಸಿಳ್ಳೆ ಮಾತ್ರ ಏಕದಂ ಮೇಲಕ್ಕೆ ಹೋಯಿತು. ಇದನ್ನು ನಾನು ಜೀವಮಾನವಿಡೀ ಕೇಳಿದ್ದೇನೆ. ಯಾವತ್ತೂ ಕಿವಿಗೊಟ್ಟಿರಲಿಲ್ಲ ಅಷ್ಟೆ. ಗಾಳಿ ಭಾರ, ಹಬೆ ಹಗುರ. ಬಿಸಿ ಹಬೆಯಲ್ಲಿ ಶಬ್ದ ಬೇಗ ಓಡುತ್ತದೆ, ಆದ್ದರಿಂದ ಅದೇ ಗಂಟಲಲ್ಲಿ ಸ್ವರ ಏರುತ್ತದೆ. ನಾನು ಸ್ಪ್ಯಾನರ್ ಕೆಳಗೆ ಹಾಕಿ "ಅಯ್ಯೋ ನನ್ ಬುದ್ಧಿಗಿಷ್ಟು!" ಅಂದೆ. ತರಕಾರಿ ಹೆಚ್ಚುತ್ತಿದ್ದ ಅಡುಗೆಯವರು ಕೈ ಸುಟ್ಟುಕೊಂಡೆನೇನೋ ಅಂತ ಓಡಿಬಂದರು.

ಕೂಗು ಕೆಟ್ಟಿರಲಿಲ್ಲ. ನಾವು ಅದಕ್ಕೆ ಬೇರೆಯವರ ಉಸಿರು ಕೊಟ್ಟಿದ್ದೆವು.

ಹಾಗಾದರೆ ಹಬೆ ಬೇಕು, ಹಬೆಗೆ ಬಾಯ್ಲರ್ ಬೇಕು. ಮಿಲ್ಲಿನ ಬಾಯ್ಲರು ಎಂದೋ ಗುಜರಿಗೆ ಹೋಗಿತ್ತು, ನನ್ನ ಟೆಸ್ಟಿನ ಬಾಯ್ಲರು ಇದಕ್ಕೆ ಸಾಲದು. ನನ್ನ ಶೆಡ್ಡಿನಲ್ಲಿ ರಿಪೇರಿಯಾಗಿ ನಿಂತಿದ್ದ ಒಂದು ಬಾಯ್ಲರಿತ್ತು, ಅದು ಅದೇ ಬಸವನಗುಡಿ ಛತ್ರದ್ದು. ಮ್ಯಾನೇಜರಿನ ಮುಂದೆ ಹೋಗಿ ಕೂತೆ. ಹಣೆಗೆ ಗಂಧ, ಕೈಯಲ್ಲಿ ಎರಡು ಫೋನು, ಮದುವೆ ಕಾಲದಲ್ಲಿ ಯಾರಿಗೂ ಸಿಗದ ಮನುಷ್ಯ.

"ಪ್ರದರ್ಶನದ ದಿನ ಒಂದೇ ಒಂದು ದಿವ್ಸ ನಿಮ್ ಬಾಯ್ಲರ್ ಕೊಡಿ ಸ್ವಾಮಿ. ಮಾರನೇ ದಿನ ಬೆಳಿಗ್ಗೆ ತಂದು ಕೂರಿಸ್ತೀನಿ."

"ಮಾರನೇ ದಿನ ಸಂಜೆ ನಮ್ಮಲ್ಲಿ ವರಪೂಜೆ ಇದೆ ರೀ! ನೀವು ಕೈ ಕೊಟ್ರೆ ಬೀಗರಿಗೆ ನಾನೇನು ಹೇಳ್ಲಿ? ಸೈರನ್ ಊದೋಕೆ ಕೊಟ್ಟಿದೀನಿ, ಊಟ ಇಲ್ಲ ಅನ್ಲಾ?"

"ನಾನು ಯಾವತ್ತಾದ್ರೂ ಕೈ ಕೊಟ್ಟಿದೀನಾ?"

"ದಾರೀಲಿದೀನಿ ಅಂತ ವಾರದಿಂದ ಹೇಳ್ತಿದೀರಲ್ಲ, ಅದೇನು ಮತ್ತೆ?"

ಅಕ್ಕನ ವಿಷಯ ಹೇಳಿದೆ. ಹೇಳಬಾರದು ಅಂತಲೇ ಹೋಗಿದ್ದೆ, ಬಾಯಿಗೆ ಬಂದುಬಿಟ್ಟಿತು. ಮ್ಯಾನೇಜರು ಎರಡೂ ಫೋನನ್ನು ಮೇಜಿನ ಮೇಲೆ ಬೋರಲಾಗಿಟ್ಟರು. ಆಮೇಲೆ, "ವರಪೂಜೆಗೆ ಹಬೆ ಬರ್ಲಿಲ್ಲ ಅಂದ್ರೆ ನಿಮ್ಮನ್ನೇ ಕೂರಿಸಿ ಸೌದೆ ಊದಿಸ್ತೀನಿ, ಹೋಗಿ" ಅಂದರು.

ಆರ್ಕಿಟೆಕ್ಟು ಇಷ್ಟು ಸುಲಭಕ್ಕೆ ಬಗ್ಗಲಿಲ್ಲ. ಜನ ಸೇರುವ ಕಡೆ ಬಾಯ್ಲರ್ ಅಂದರೆ ಅವಳಿಗೆ ಭಯ, ಆ ಭಯ ತಪ್ಪೂ ಅಲ್ಲ. ಜೊತೆಗೆ, ಗಾಳಿಯಲ್ಲಿ ಬಂದ ಕೂಗು ಎಲ್ಲರಿಗೂ ಇಷ್ಟವಾಗಿತ್ತು. ಅವಳ ಮುಖಕ್ಕೆ ಹೊಡೆದ ಹಾಗೆ ಹೇಳಬಾರದಿತ್ತು, ಆದರೂ ಹೇಳಿದೆ. "ನೋಡಮ್ಮ, ಬೋರ್ಡಲ್ಲಿ ಇದು ಆ ಕಾಲದ ಸಮಯದ ಶಬ್ದ ಅಂತ ಬರ್ದಿದೀಯ. ಈಗ ಕೂಗ್ತಿರೋದು ಆ ಶಬ್ದ ಅಲ್ಲ. ಇದನ್ನ ಕೇಳಿದ್ರೆ ನಮ್ಮಮ್ಮ ಮಿಲ್ಲಿಂದ ಎದ್ದೂ ಬರ್ತಿರ್ಲಿಲ್ಲ."

ಕೊನೆಗೆ ಇಬ್ಬರೂ ಒಂದು ತೀರ್ಮಾನಕ್ಕೆ ಬಂದೆವು. ಬೆಳಿಗ್ಗೆ ಉದ್ಘಾಟನೆಗೆ ಕಂಪ್ರೆಸರ್, ಬಟನ್, ಅತಿಥಿ, ಎಲ್ಲ ಅವಳಂದಂತೆಯೇ. ಸಂಜೆ, ಬಂದವರೆಲ್ಲ ಹೋದ ಮೇಲೆ, ಶಿಫ್ಟು ಬಿಡುವ ಹೊತ್ತಿಗೆ ಹಬೆಯಲ್ಲಿ ಒಂದು ಸಲ. ಒಂದೇ ಸಲ ಅಂತ ಅಕ್ಕಪಕ್ಕದವರಿಗೂ ಪೊಲೀಸ್ ಠಾಣೆಗೂ ಹೇಳಿಬಂದಳು. ಸಂಜೆಯೇ ಆಗಬೇಕು ಅಂತ ನಾನು ಹಟ ಹಿಡಿದಿದ್ದೆ. ಬೆಳಗಿನ ಕೂಗು ಅಮ್ಮನನ್ನು ಕಿತ್ತುಕೊಂಡು ಹೋಗುತ್ತಿದ್ದದ್ದು, ಸಂಜೆಯದು ತಂದುಕೊಡುತ್ತಿದ್ದದ್ದು. ಕಂಚು ಒಂದೇ, ಶಬ್ದ ಒಂದೇ, ನಾನು ಹುಡುಗನಾಗಿದ್ದಾಗ ಒಂದಕ್ಕೆ ಅಳುತ್ತಿದ್ದೆ, ಒಂದಕ್ಕೆ ಕುಣಿಯುತ್ತಿದ್ದೆ.

ಅಕ್ಕನಿಗೆ ಹೇಳಲು ಹೋದರೆ ಅವಳು ಹೊಸ ತಕರಾರು ತೆಗೆದಳು. "ನಾನು ಅಲ್ಲಿಗೆ ಬರಲ್ಲ."

"ಮತ್ತೆ ಕೇಳೋದು ಹೆಂಗೆ?"

"ಅಲ್ಲಿ ಕುರ್ಚಿ ಹಾಕ್ಕೊಂಡು ನಾನು ಯಾವತ್ತು ಕೇಳಿದೀನೋ? ಮನೇಲೇ ಕೇಳ್ತೀನಿ."

"ಅಕ್ಕಾ, ಮಧ್ಯದಲ್ಲಿ ಮಾರ್ಕೆಟ್ಟು, ಫ್ಲೈಓವರ್ರು, ಎಷ್ಟೆಷ್ಟು ಅಪಾರ್ಟ್‌ಮೆಂಟು. ಚೆನ್ನಾಗಿ ಕಿವಿ ಇರೋರಿಗೇ ಕೇಳ್ಸಲ್ಲ."

"ಕೇಳ್ಸಿದ್ರೆ ಕೇಳ್ಸತ್ತೆ, ಇಲ್ದಿದ್ರೆ ಇಲ್ಲ. ಪಕ್ಕದಲ್ ನಿಂತು ಕೇಳಿದ್ರೆ ಅದು ಬರೀ ಶಬ್ದ ಕಣೋ."

ಅವಳ ಮೇಲೆ ಸಿಟ್ಟು ಬಂತು. ಇಷ್ಟೆಲ್ಲ ಒದ್ದಾಡಿ ಕೊನೆಗೆ ಅವಳಿಗೇ ಕೇಳಿಸದಿದ್ದರೆ ನಾನು ಯಾವ ಪುರುಷಾರ್ಥಕ್ಕೆ ಈ ಕೆಲಸ ಮಾಡುತ್ತಿದ್ದೇನೆ? ಆದರೆ ಅವಳಂದದ್ದು ಮನಸ್ಸಿನಿಂದ ಹೋಗಲೂ ಇಲ್ಲ. ನನ್ನ ನೆನಪಿನಲ್ಲೂ ಕೂಗು ಹತ್ತಿರದ್ದಲ್ಲ. ಸೂರುಗಳ ಮೇಲೆ ಹಾದು, ಬೀದಿಯ ಗಲಾಟೆಯಲ್ಲಿ ಅರ್ಧ ಸವೆದು, ಅಡುಗೆಮನೆಯ ಕಿಟಕಿಗೆ ಬಂದು ಮುಟ್ಟುತ್ತಿದ್ದ ಕೂಗು. ಅದನ್ನು ಅಲ್ಲಿಗೆ ತಲುಪಿಸಬೇಕಾದರೆ ಗೋಡೌನಿನೊಳಗೆ ಸ್ಟ್ಯಾಂಡಿನ ಮೇಲೆ ಇಟ್ಟು ಊದಿದರೆ ಆಗುವುದಿಲ್ಲ. ಉದ್ಘಾಟನೆ ಮುಗಿದ ಮೇಲೆ ಅದನ್ನು ಬಿಚ್ಚಿ, ಹೊರಗಿನ ಗೋಡೆಯ ತುದಿಯಲ್ಲಿ ಇನ್ನೂ ಉಳಿದಿದ್ದ ಹಳೆಯ ಕಬ್ಬಿಣದ ಬ್ರಾಕೆಟ್ಟಿಗೇ ಏರಿಸುವುದು ಅಂತ ನಿರ್ಧರಿಸಿದೆ. ಚಾಮರಾಜಪೇಟೆಯ ಕಡೆಗೆ ತೆರೆದ ಗೋಡೆ ಅದು.

ಮೊದಲು ಶೆಡ್ಡಿನಲ್ಲಿ, ಜನರಿಂದ ದೂರ, ಹಬೆಯ ಪರೀಕ್ಷೆ ಮಾಡಿದೆ. ವಾಲ್ವು ತೆಗೆದರೆ ಕೂಗು ಕೂಗಲಿಲ್ಲ, ಕೆಮ್ಮಿತು. ತಣ್ಣಗಿದ್ದ ಪೈಪಿನಲ್ಲಿ ಹಬೆ ನೀರಾಗಿ ಕೂತಿತ್ತು, ಆ ಬಿಸಿನೀರೆಲ್ಲ ಗಂಟೆಯ ಬಾಯಿಂದ ಚಿಮ್ಮಿತು. ನಾನೂ ನನ್ನ ವೆಲ್ಡರೂ ಹಾರಿ ದೂರ ನಿಂತೆವು. ಪೈಪಿನ ತಗ್ಗಿನಲ್ಲಿ ಡ್ರೈನು ಇಟ್ಟೆ, ಬಿಸಿ ಆರದಂತೆ ಪೈಪಿಗೆ ಗ್ಲಾಸ್‌ವುಲ್ ಸುತ್ತಿದೆ, ಸ್ವಲ್ಪ ಸ್ವಲ್ಪವೇ ಹಬೆ ಬಿಟ್ಟು ಪೈಪನ್ನು ಬಿಸಿ ಮಾಡಿ, ಡ್ರೈನಿನಿಂದ ನೀರು ಬರುವುದು ನಿಂತು ಒಣ ಹಬೆ ಬರುವವರೆಗೆ ಕಾದೆ. ಆಮೇಲೆ ವಾಲ್ವಿನ ಸರಪಳಿ ಎಳೆದೆ.

ಬಂತು. ಅದೇ ಬಂತು. ಎಳೆ ದನಿ, ಮೇಲಕ್ಕೆ ಹೋಗುವ ದನಿ. ವೆಲ್ಡರು ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆಗೆದ, ಅಷ್ಟರಲ್ಲಿ ಕೂಗು ಸತ್ತುಹೋಯಿತು. ಗೇಜಿನ ಮುಳ್ಳು ದಬಕ್ಕನೆ ಕೆಳಗೆ ಬಿದ್ದಿತ್ತು. ಒಂದು ಮದುವೆ ಮನೆಯ ಇಡ್ಲಿಗೆ ಸಾಕಾಗುವ ಹಬೆಯನ್ನು ಆ ಹಾಳು ಗಂಟಲು ಒಂದೇ ಗುಟುಕಿಗೆ ಕುಡಿದುಬಿಟ್ಟಿತ್ತು.

"ಸಂದು ಸ್ವಲ್ಪ ಕಿರಿದು ಮಾಡ್ಬಿಡಣ ಅಣ್ಣ. ಕಮ್ಮಿ ಹಬೇಲಿ ಜಾಸ್ತಿ ಹೊತ್ತು ಕೂಗತ್ತೆ, ಎರಡು ಮೂರು ಸಲ ಬೇಕಾದ್ರೂ ಕೂಗಿಸ್ಬೋದು" ಅಂದ ವೆಲ್ಡರು.

ಬುದ್ಧಿವಂತನ ಮಾತೇ. ಬೇರೆ ಕೆಲಸವಾಗಿದ್ದರೆ ನಾನೇ ಹಾಗೆ ಮಾಡುತ್ತಿದ್ದೆ. ಆದರೆ ಸಂದು ಕಿರಿದಾದರೆ ಕೂಗು ತೆಳ್ಳಗಾಗುತ್ತದೆ, ಮಾರ್ಕೆಟ್ಟು ದಾಟುವುದಿಲ್ಲ. ಬೇಡ ಅಂದೆ. ಮೂರು ಸಲ ಅರೆಹೊಟ್ಟೆಯಲ್ಲಿ ಕೂಗುವುದಕ್ಕಿಂತ ಒಂದೇ ಸಲ ಹೊಟ್ಟೆ ತುಂಬ ಕೂಗಲಿ. ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ಗಟ್ಟಿ ಉಕ್ಕಿನ ಡ್ರಮ್ಮನ್ನು ಎಳೆದು, ನೀರು ತುಂಬಿ, ಬೇಕಾದ್ದಕ್ಕಿಂತ ಹೆಚ್ಚು ಒತ್ತಡ ಕೊಟ್ಟು ಬೆಸುಗೆಯಲ್ಲಿ ಎಲ್ಲೂ ಕಣ್ಣೀರು ಜಿನುಗುವುದಿಲ್ಲ ಅಂತ ನೋಡಿಕೊಂಡೆ. ಅದಕ್ಕೊಂದು ಹೊಸ ಸೇಫ್ಟಿ ವಾಲ್ವು ಕೂರಿಸಿದೆ. ಬಾಯ್ಲರು ಮೆಲ್ಲಗೆ ಡ್ರಮ್ಮನ್ನು ತುಂಬುತ್ತದೆ, ಡ್ರಮ್ಮು ತುಂಬಿದ್ದನ್ನೆಲ್ಲ ಕೂಗು ಒಂದೇ ಉಸಿರಿಗೆ ಖರ್ಚು ಮಾಡುತ್ತದೆ. ತಪ್ಪಿದರೆ ಆ ಸಂಜೆ ಎರಡನೆಯ ಅವಕಾಶವಿಲ್ಲ.

ಉದ್ಘಾಟನೆ ಚೆನ್ನಾಗಿಯೇ ಆಯಿತು. ಅತಿಥಿಗಳು ಬಟನ್ ಒತ್ತಿದರು, ಎಮ್ಮೆ ಅರಚಿತು, ಎಲ್ಲರೂ ಫೋನು ಎತ್ತಿ ಹಿಡಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು ಕಣ್ಣೊರೆಸಿಕೊಂಡು "ಥೇಟ್ ಅದೇ ರೀ, ಥೇಟ್ ಅದೇ" ಅಂತ ಪಕ್ಕದವರಿಗೆ ಹೇಳುತ್ತಿದ್ದರು. ಆರ್ಕಿಟೆಕ್ಟು ನನ್ನ ಮುಖ ನೋಡಿದಳು. ನಾನು ಸುಮ್ಮನೆ ಕೋಸಂಬರಿ ತಿಂದೆ. ಅಳುವವರ ಖುಷಿ ಕೆಡಿಸಲು ನಾನ್ಯಾರು?

ಮಧ್ಯಾಹ್ನದಿಂದ ಏಣಿ ಹತ್ತಿ ಇಳಿದದ್ದೇ ಆಯಿತು. ಕೂಗನ್ನು ಬ್ರಾಕೆಟ್ಟಿಗೆ ಕೂರಿಸಿ ಬಿಗಿದೆವು. ಹಳೆಯ ಬೋಲ್ಟಿನ ತೂತುಗಳಿಗೆ ಹೊಸ ಬೋಲ್ಟು ನೆಟ್ಟಗೆ ಹೋಯಿತು. ಬಾಯ್ಲರ್ ಹೊತ್ತಿಸಿದೆ. ಪೈಪು ಬಿಸಿಯಾಯಿತು, ಡ್ರೈನು ಒಣಗಿತು, ಡ್ರಮ್ಮಿನ ಗೇಜು ಮೆಲ್ಲಗೆ ಏರಿತು. ಅಂಗಳದಲ್ಲಿ ಉಳಿದವರು ಆರ್ಕಿಟೆಕ್ಟು, ವೆಲ್ಡರು, ವಾಚ್‌ಮನ್ನು, ನಾನು. ಸುತ್ತ ಹಾಕಿದ್ದ ಹಗ್ಗದ ಹೊರಗೆ ಎಲ್ಲರನ್ನೂ ನಿಲ್ಲಿಸಿದೆ. ಹೊರಗೆ ರಸ್ತೆಯಲ್ಲಿ ಆಫೀಸು ಬಿಟ್ಟವರ ಹಾರನ್ನುಗಳು. ಇಷ್ಟು ಗಲಾಟೆಯ ಮಧ್ಯೆ ಅಷ್ಟು ದೂರದ ಒಬ್ಬಳ ಕೆಟ್ಟ ಕಿವಿಗೆ ಏನು ತಲುಪೀತು ಅಂತ ನನಗೆ ಧೈರ್ಯವೇ ಹೋಯಿತು. ಫೋನ್ ಮಾಡಿ ಈಗ ಊದ್ತೀನಿ, ಕಿಟಕಿ ಹತ್ತಿರ ನಿಂತ್ಕೋ ಅನ್ನೋಣವೆಂದು ನಂಬರು ಒತ್ತಿದೆ. ಅವಳು ಎತ್ತಲಿಲ್ಲ. ಬೇಕಂತಲೇ ಎತ್ತಿಲ್ಲ ಅಂತ ಗೊತ್ತಾಯಿತು.

ಸರಪಳಿ ಹಿಡಿದು ಎಳೆದೆ.

ಅದನ್ನು ಹೇಗೆ ಬರೆಯಬೇಕೋ ನನಗೆ ತಿಳಿಯದು. ಮೊದಲು ಬಿಳಿ ಹಬೆ, ಒಂದು ಕ್ಷಣ ತಡೆದು ಕೂಗು. ಗೋಡೌನಿನ ಸೂರಿನ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ರಸ್ತೆಯ ಹಾರನ್ನುಗಳು ನಿಂತವೋ, ನನಗೆ ಕೇಳಿಸದೆ ಹೋದವೋ ಹೇಳಲಾರೆ. ಅಮ್ಮ ಇನ್ನು ಸ್ವಲ್ಪ ಹೊತ್ತಿಗೆ ಬಂದುಬಿಡುತ್ತಾಳೆ ಅಂತ ಹುಡುಗನಾಗಿದ್ದಾಗಿನ ಅದೇ ಖುಷಿ ಮತ್ತೆ ಬಂತು. ಅಮ್ಮ ಆ ಮಿಲ್ಲನ್ನು ದಿನಾ ಬೈಯುತ್ತಿದ್ದಳು. ಆ ಹತ್ತಿಯೇ ಅವಳ ಎದೆಗೆ ಹೋಗಿ ಕೊನೆಯಲ್ಲಿ ಉಸಿರು ಕಟ್ಟಿಸಿದ್ದು. ಮಿಲ್ಲು ವಾಪಸು ಬರಲಿ ಅಂತ ನಾನು ಯಾವತ್ತೂ ಬಯಸಿದವನಲ್ಲ. ಅವಳು ಬರಲಿ ಅಂತ ಮಾತ್ರ ಬಯಸಿದೆ, ಅಷ್ಟು ವಯಸ್ಸಾಗಿ, ಸರಪಳಿ ಹಿಡಿದುಕೊಂಡು, ನಾಚಿಕೆಯಿಲ್ಲದೆ ಬಯಸಿದೆ. ಡ್ರಮ್ಮು ಖಾಲಿಯಾಗುತ್ತ ಬಂದ ಹಾಗೆ ಕೂಗು ಮೆಲ್ಲಗೆ ಇಳಿದು ಇಳಿದು ನಿಂತಿತು. ಹಿಂದೆಯೂ ಕೊನೆಯಲ್ಲಿ ಹೀಗೇ ಇಳಿಯುತ್ತಿತ್ತು.

ಆರ್ಕಿಟೆಕ್ಟು ಹತ್ತಿರ ಬಂದು, "ಸರ್, ಬೆಳಗ್ಗೆದು ಅಲ್ವೇ ಅಲ್ಲ" ಅಂದಳು. ಅಷ್ಟೇ ಅಂದಳು, ಒಳ್ಳೆಯ ಹುಡುಗಿ.

ಹಾಗೇ ಬಿಟ್ಟು ಓಡುವಂತಿರಲಿಲ್ಲ. ಬೆಂಕಿ ಆರಿಸಿ, ಒತ್ತಡ ಪೂರ್ತಿ ಇಳಿಸಿ, ಡ್ರೈನು ತೆರೆದು, ನಾಳೆ ಬೆಳಿಗ್ಗೆ ಬಸವನಗುಡಿಗೆ ಹೋಗಬೇಕಾದ ಬಾಯ್ಲರನ್ನು ಕಣ್ಣಾರೆ ನೋಡಿ ಹೊರಟೆ. ಮುಳ್ಳು ಸೊನ್ನೆಗೆ ಬರುವವರೆಗೆ ಆದ ಚಡಪಡಿಕೆ ನನಗೇ ಗೊತ್ತು. ಆಟೋದವನು ಮಾರ್ಕೆಟ್ಟಿನ ಹತ್ತಿರ ಜಾಮಿನಲ್ಲಿ ಸಿಕ್ಕಿಕೊಂಡ. ಅಲ್ಲೇ ಇಳಿದು, ಅವರೆಕಾಯಿ ಮೂಟೆಗಳ ನಡುವೆ ನುಗ್ಗಿ, ಚಾಮರಾಜಪೇಟೆಯ ಕಡೆಗೆ ನಡೆದೇಬಿಟ್ಟೆ. ಅಮ್ಮ ನಡೆದು ಬರುತ್ತಿದ್ದದ್ದೂ ಹೆಚ್ಚು ಕಡಿಮೆ ಅದೇ ದಾರಿ. ಕೇಳಿಸಿರುವುದಿಲ್ಲ, ಕೇಳಿಸಿರುವುದಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತ ನಡೆದೆ. ಅವಳಿಗೆ ಹೇಳಬೇಕಾದ ಸಮಾಧಾನದ ಮಾತನ್ನೂ ಜೋಡಿಸಿಟ್ಟುಕೊಂಡು ಅವಳ ಬೀದಿಗೆ ತಿರುಗಿದೆ.

ಮನೆಯ ಬಾಗಿಲು ತೆರೆದಿತ್ತು. ಕಳ್ಳಕಾಕರ ಭಯಕ್ಕೆ ಹಗಲಲ್ಲೂ ಚಿಲಕ ಹಾಕಿಕೊಳ್ಳುವವಳು ಅಕ್ಕ. ಹೊಸ್ತಿಲ ಹೊರಗಿನ ಮೆಟ್ಟಿಲ ಮೇಲೆ ತಾಮ್ರದ ಚೊಂಬು ಇತ್ತು. ಅಕ್ಕ ಪಕ್ಕದಲ್ಲಿ ಕಂಬಕ್ಕೊರಗಿ ಕೂತು ಬೀದಿ ನೋಡುತ್ತಿದ್ದಳು. ಕಿವಿಯಲ್ಲಿ ಮಿಷನ್ ಇರಲಿಲ್ಲ.

"ಎಷ್ಟೊತ್ತೋ ಬರೋದು?" ಅಂದಳು. "ಎರಡು ಸಲ ಕಾಯಿಸ್ದೆ ಈ ನೀರ್ನ."

ಕಂಚಿನ ಕಿಲುಬು, ಎಣ್ಣೆ, ಮಸಿ ಮೆತ್ತಿದ ಎರಡೂ ಕೈ ನೋಡಿಕೊಳ್ಳುತ್ತ ಮೆಟ್ಟಿಲ ಕೆಳಗೇ ನಿಂತೆ. ಕೇಳಿಸ್ತಾ ಅಂತ ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ. ಅಕ್ಕ ಮೊಣಕಾಲು ಹಿಡಿದುಕೊಂಡು ಎದ್ದು ಚೊಂಬು ಎತ್ತಿದಳು.

"ನಿಂತಿದೀಯಲ್ಲ, ಕೈ ಒಡ್ಡು. ಮುಖಾನೂ ತೊಳ್ಕೊಂಡು ಒಳಗ್ ಬಾ" ಅಂದಳು.

ಕೈ ಒಡ್ಡಿದೆ. ಅವಳು ಬಗ್ಗಿಸಿದಳು. ಚಿಕ್ಕಂದಿನಲ್ಲಿ ನನಗೆ ಮುಟ್ಟಗೊಡದೇ ಇದ್ದ ಆ ನೀರು ಹಿತವಾಗಿ ಬೆಚ್ಚಗಿತ್ತು.